ಯಕೃತ್ತು ಬೆಳೆಯಲು ಇನ್ಸುಲಿನ್ ಹಿಡಿಯುವ ದಾರಿ

ಇನ್ಸುಲಿನ್ ಎಂದೊಡನೆ ನಮಗೆ ನೆನಪಾಗುವುದು ಸಕ್ಕರೆ ಕಾಯಿಲೆ. ಯಕೃತ್ತಿನ ಜೀವಕೋಶಗಳಿಗೆ ‘ಎರಡಾಗಿ, ಹೆಚ್ಚಿ’ ಎಂದು ಹೇಳುವುದರಲ್ಲಿಯೂ ಇದೇ ಹಾರ್ಮೋನಿನ ಪಾಲಿದೆ ಎಂಬುದು ಅಷ್ಟಾಗಿ ತಿಳಿದಿಲ್ಲ.

1931ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಹಿಗಿನ್ಸ್ ಮತ್ತು ಆಂಡರ್ಸನ್ ಇಲಿಗಳ ಯಕೃತ್ತಿನ ಮೂರನೇ ಎರಡು ಪಾಲನ್ನು ಕತ್ತರಿಸಿ ತೆಗೆದು ನೋಡಿದರು. ಒಂದೆರಡು ವಾರಗಳಲ್ಲಿ ಯಕೃತ್ತು ಮೊದಲಿನ ತೂಕಕ್ಕೆ ಮರಳುತ್ತದೆ. ಕತ್ತರಿಸಿದ ಹಾಲೆಗಳೇನೂ ಮತ್ತೆ ಚಿಗುರುವುದಿಲ್ಲ, ಉಳಿದವೇ ಹಿಗ್ಗುತ್ತವೆ. ಬದುಕಿರುವವರು ಯಕೃತ್ತಿನ ಒಂದು ಭಾಗವನ್ನು ದಾನ ಮಾಡಲು ಸಾಧ್ಯವಾಗಿರುವುದೂ ಈ ಗುಣದಿಂದಲೇ. ಸಾಮಾನ್ಯವಾಗಿ ತೀರಾ ಅಪರೂಪಕ್ಕೆ ವಿಭಜನೆಯಾಗುವ ಈ ಕೋಶಗಳು, ಇಲಿಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಸುಮಾರು 24 ಗಂಟೆ ಕಳೆಯುವಷ್ಟರಲ್ಲಿ ತಮ್ಮ ಡಿಎನ್‌ಎಯನ್ನು ಭರದಿಂದ ನಕಲು ಮಾಡುತ್ತಿರುತ್ತವೆ.

ಈ ವಿಭಜನೆಗೆ ಸೂಚನೆ ಕೊಡುವವುಗಳಲ್ಲಿ ಇನ್ಸುಲಿನ್ ಕೂಡ ಒಂದು. ಮೇದೋಜೀರಕ ಗ್ರಂಥಿಯಿಂದ ಹೊರಟ ಅದು ಮೊದಲು ತಲುಪುವುದು ಯಕೃತ್ತನ್ನೇ. ಅಲ್ಲಿ ಕೋಶದ ಹೊರಪೊರೆಯ ಮೇಲಿರುವ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಬೆಳವಣಿಗೆಯ ಸಂದೇಶ ಒಳಗೆ ಸಾಗಲು ಐಪಿ-3 ಎಂಬ ಪುಟ್ಟ ಅಣು ಹುಟ್ಟಿ, ಕೂಡಿಟ್ಟ ಕ್ಯಾಲ್ಸಿಯಂ ಹೊರಬರುವಂತೆ ಮಾಡುತ್ತದೆ. ತೊಡಕಿರುವುದು ಇಲ್ಲಿಯೇ. ಕ್ಯಾಲ್ಸಿಯಂ ಏರಿಳಿತವನ್ನು ಕೋಶ ಹತ್ತಾರು ಕೆಲಸಗಳಿಗೆ ಬಳಸುತ್ತದೆ. ವ್ಯಾಸೊಪ್ರೆಸ್ಸಿನ್ ಹಾರ್ಮೋನ್ ಬಂದಾಗಲೂ ಕ್ಯಾಲ್ಸಿಯಂ ಏರುತ್ತದೆ, ಆದರೆ ಆಗ ಸಕ್ಕರೆಯ ದಾಸ್ತಾನಾದ ಗ್ಲೈಕೊಜೆನ್ ಒಡೆದು ಗ್ಲೂಕೋಸ್ ಬಿಡುಗಡೆಯಾಗುತ್ತದೆ. ಹಾಗಾದರೆ ಈಗ ಬೇಕಿರುವುದು ಬೆಳವಣಿಗೆ ಎಂದು ಕೋಶಕ್ಕೆ ಗೊತ್ತಾಗುವುದು ಹೇಗೆ?

ಒಂದೇ ಗಂಟೆಯನ್ನು ಶಾಲೆಯಲ್ಲಿ ಬಾರಿಸಿದರೆ ಮಕ್ಕಳು ತರಗತಿಗೆ ಓಡುತ್ತಾರೆ, ಗುಡಿಯಲ್ಲಿ ಬಾರಿಸಿದರೆ ಜನ ಕೈಮುಗಿಯುತ್ತಾರೆ. ಕ್ಯಾಲ್ಸಿಯಂ ವಿಷಯದಲ್ಲಿಯೂ ಎಲ್ಲಿ ಎಂಬುದೇ ಮುಖ್ಯ. ಯೇಲ್ ವಿಶ್ವವಿದ್ಯಾಲಯದ ಮೈಕೆಲ್ ನೇಥನ್ಸನ್ ಮತ್ತು ಬ್ರೆಜಿಲ್‌ನ ಫಾತಿಮಾ ಲೈಟಿ ಅವರ ತಂಡಗಳು ವರ್ಷಗಟ್ಟಲೆ ಬೆನ್ನುಹತ್ತಿ ಕಂಡುಕೊಂಡದ್ದು ಇದನ್ನು. ಇನ್ಸುಲಿನ್ ಹಿಡಿದ ಗ್ರಾಹಕಗಳಲ್ಲಿ ಕೆಲವು ಪೊರೆಯಲ್ಲಿ ನಿಲ್ಲದೆ ಕೋಶಕೇಂದ್ರದ ಒಳಕ್ಕೇ ಪ್ರಯಾಣಿಸುತ್ತವೆ. ಐಪಿ-3 ಅಲ್ಲಿಯೇ ಹುಟ್ಟುತ್ತದೆ, ಕ್ಯಾಲ್ಸಿಯಂ ಅಲ್ಲಿಯೇ ಏರುತ್ತದೆ. 2014ರಲ್ಲಿ ಪ್ರಕಟವಾದ ಅವರ ಪ್ರಯೋಗ ನನಗೆ ಬಹಳ ಸೊಗಸಾಗಿ ಕಾಣುತ್ತದೆ. ಕೋಶಕೇಂದ್ರದಲ್ಲಿ ಮಾತ್ರ ಐಪಿ-3ಯನ್ನು ಹೀರಿಕೊಳ್ಳುವಂತೆ ಮಾಡಿದಾಗ ಯಕೃತ್ತಿನ ಮರುಬೆಳವಣಿಗೆಗೆ ಅಡ್ಡಿಯಾಯಿತು. ಕೇಂದ್ರದ ಹೊರಗೆ ಹೀರಿಸಿದರೆ ಹಾಗಾಗಲಿಲ್ಲ. ಕೇಂದ್ರದಲ್ಲಿ ತಡೆದಾಗಲೂ ಗ್ಲೂಕೋಸ್ ನಿರ್ವಹಣೆಗೆ ಧಕ್ಕೆ ಬರಲಿಲ್ಲ.

ಅಂದರೆ ಇನ್ಸುಲಿನ್‌ನ ಎರಡು ಕೆಲಸಗಳಿಗೆ ಎರಡು ದಾರಿಗಳಿವೆ. ಯಕೃತ್ತಿನ ಕ್ಯಾನ್ಸರ್‌ನಲ್ಲಿಯೂ ಕಾಡುವುದು ಲಗಾಮಿಲ್ಲದ ಕೋಶವಿಭಜನೆಯೇ. ಸಕ್ಕರೆಯ ದಾರಿಯನ್ನು ಮುಟ್ಟದೆ ಬೆಳವಣಿಗೆಯ ದಾರಿಯನ್ನಷ್ಟೇ ತಡೆಯುವ ಔಷಧದ ಯೋಚನೆಗೆ ಈಗ ಒಂದು ನೆಲೆ ಸಿಕ್ಕಿದೆ. ಪ್ರಾಣಿಗಳಲ್ಲಿ ಕಂಡದ್ದು ಮನುಷ್ಯರ ಯಕೃತ್ತಿನಲ್ಲಿಯೂ ಹೀಗೆಯೇ ನಡೆಯುತ್ತದೆಯೇ ಎಂಬುದನ್ನು ಅದಕ್ಕೂ ಮೊದಲು ಪರೀಕ್ಷಿಸಬೇಕಾಗುತ್ತದೆ.