ದಾರ ಹರಿಯಬೇಕು, ಕೈಯಲ್ಲ

ದೀಪಾವಳಿಯ ಬಲಿಪಾಡ್ಯಮಿ ಕಳೆಯಿತೆಂದರೆ ಶಿಕಾರಿಪುರ, ಸೊರಬ ಸೀಮೆಯಲ್ಲಿ ಹೋರಿ ಹಬ್ಬದ ಕಾಲ. ಒಂದೂರಿನ ಹಬ್ಬ ಮುಗಿಯುವುದರೊಳಗೆ ಇನ್ನೊಂದೂರಿನ ಕರಪತ್ರ ಅಂಗಡಿಯ ಗೋಡೆಗೆ ಅಂಟಿರುತ್ತದೆ. ಸಂಕ್ರಾಂತಿ ದಾಟಿದರೂ ಈ ಸಡಗರ ತಣಿಯುವುದಿಲ್ಲ. ನಿವೃತ್ತ ಶಾಲಾ ಶಿಕ್ಷಕನಾದ ನನ್ನನ್ನು ನಮ್ಮೂರಿನವರು ಕೆಲವು ವರ್ಷಗಳಿಂದ ಹಬ್ಬದ ಸಮಿತಿಯಲ್ಲಿ ಕೂರಿಸಿದ್ದಾರೆ. ಲೆಕ್ಕ ಬರೆಯಲು ಒಬ್ಬರು ಬೇಕಿತ್ತು ಎಂಬುದಷ್ಟೇ ಅದಕ್ಕೆ ಕಾರಣ.

ಈ ಸ್ಪರ್ಧೆಯನ್ನು ಕಾಣದವರಿಗಾಗಿ ಎರಡು ಮಾತು. ಉಳುವ ಎತ್ತಿಗಿಂತ ಹೆಚ್ಚಿನ ಮುತುವರ್ಜಿಯಿಂದ ಸಾಕಿದ ಹೋರಿಗೆ ಬಣ್ಣದ ಜೂಲು, ಕೋಡಿಗೆ ರಿಬ್ಬನ್ನು ಮತ್ತು ಬಲೂನು, ಕೊರಳಿಗೆ ಕೊಬ್ಬರಿ ಹಾರ ಕಟ್ಟುತ್ತಾರೆ. ಒಂದೊಂದಾಗಿ ಹೋರಿಗಳನ್ನು ಅಖಾಡಕ್ಕೆ ಬಿಡುತ್ತಾರೆ. ಎರಡೂ ಬದಿಯಿಂದ ನುಗ್ಗುವ ಯುವಕರು ಕೊಬ್ಬರಿಯನ್ನು ಕಿತ್ತುಕೊಳ್ಳಬೇಕು. ಕಿತ್ತವನದು ಕೊಬ್ಬರಿ; ಯಾರ ಕೈಗೂ ಸಿಗದೆ ಓಡಿದ ಹೋರಿಯದು ಗೆಲುವು. ಬಹುಮಾನವಾಗಿ ಬೈಕು, ಬಂಗಾರ ಇಡುವ ಊರುಗಳೂ ಇವೆ. ಆದರೆ ಮಾಲೀಕನಿಗೆ ಅದಕ್ಕಿಂತ ದೊಡ್ಡದು, ಸುತ್ತಲಿನ ಹತ್ತೂರಿನಲ್ಲಿ ತನ್ನ ಹೋರಿಯ ಹೆಸರು ಓಡಾಡುವುದು.

ತುರು ಕಾಯುತ್ತಾ ಸತ್ತವರ ವೀರಗಲ್ಲುಗಳು ಊರೂರಿಗೆ ನಿಂತಿರುವ ನಾಡಿದು. ದನದ ಮೇಲಿನ ಪ್ರೀತಿ ಮತ್ತು ಅದರ ಮುಂದೆ ಎದೆಯೊಡ್ಡುವ ಹುಮ್ಮಸ್ಸು ನಮ್ಮ ಮಣ್ಣಿನಲ್ಲೇ ಇದೆಯೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು. ಆದರೆ ಆಟದಲ್ಲಿ ಸತ್ತವನಿಗೆ ಯಾರೂ ವೀರಗಲ್ಲು ನೆಡುವುದಿಲ್ಲ. 2022ರ ದೀಪಾವಳಿಯ ನಂತರ ಶಿವಮೊಗ್ಗ ಜಿಲ್ಲೆಯಲ್ಲಿಯೂ, 2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯಲ್ಲಿಯೂ ಹೋರಿ ಹಬ್ಬದಲ್ಲಿ ಜೀವಗಳು ಹೋದವು. ಹೋರಿ ಹಿಡಿಯಲು ಇಳಿದವರಷ್ಟೇ ಅಲ್ಲ, ನೋಡಲು ಬಂದು ನಿಂತವರೂ ಇಂತಹ ಹಬ್ಬಗಳಲ್ಲಿ ತಿವಿತಕ್ಕೆ ಸಿಗುತ್ತಾರೆ.

ನಮ್ಮೂರಿನಲ್ಲಿ ಸಾವಾಗಲಿಲ್ಲ; ಕೂದಲೆಳೆಯ ಅಂತರದಲ್ಲಿ ತಪ್ಪಿತು. ನನ್ನ ಬಳಿ ಓದಿದ ಹುಡುಗನೊಬ್ಬ ಕೊಬ್ಬರಿಗೆ ಕೈ ಹಾಕಿದ. ಹಾರವನ್ನು ನೈಲಾನ್ ಹಗ್ಗದಲ್ಲಿ ಪೋಣಿಸಲಾಗಿತ್ತು. ಕೊಬ್ಬರಿ ಕಿತ್ತು ಬರಲಿಲ್ಲ, ಬೆರಳು ಹಗ್ಗದಲ್ಲಿ ಸಿಕ್ಕಿಕೊಂಡಿತು. ಹೋರಿ ಅವನನ್ನು ಅಖಾಡದ ತುದಿಯವರೆಗೆ ಎಳೆದೊಯ್ದಿತು. ಪ್ರಾಣ ಉಳಿಯಿತು, ಬಲಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಅಂದು ಹಗ್ಗವನ್ನು ಪರೀಕ್ಷಿಸದೆ ಹೋರಿಯನ್ನು ಒಳಗೆ ಬಿಟ್ಟ ಸಮಿತಿಯಲ್ಲಿ ನಾನೂ ಇದ್ದೆ.

ಆ ಹಗ್ಗದ ಹಿಂದೆ ಒಂದು ಲೆಕ್ಕಾಚಾರವಿದೆ. ದಾರ ಗಟ್ಟಿಯಾದಷ್ಟೂ ಕೊಬ್ಬರಿ ಕೀಳುವುದು ಕಷ್ಟ, ಹೋರಿ ಗೆಲ್ಲುವುದು ಸುಲಭ. ಅಂದರೆ ಅಪಾಯ ಮತ್ತು ಅನ್ಯಾಯ ಎರಡೂ ಒಂದೇ ಗಂಟಿನಲ್ಲಿವೆ. ಓಟದಿಂದ ಗೆಲ್ಲಬೇಕಾದ ಹೋರಿ ಹಗ್ಗದಿಂದ ಗೆದ್ದರೆ ಅದು ಎಂತಹ ಗೆಲುವು?

ಈ ಮಾತು ನನಗೆ ಸ್ಪಷ್ಟವಾದದ್ದು ಕೊಡಗಿನಲ್ಲಿ. ಸೆಪ್ಟೆಂಬರಿನ ಕೈಲ್ ಪೊಳ್ದ್ ಆಯುಧಗಳನ್ನು ಪೂಜಿಸುವ ಹಬ್ಬ. ಆಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳೂ ನಡೆಯುತ್ತವೆ. ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಅಲ್ಲಿ ಕೋವಿ ಪರವಾನಗಿಯಿಂದ ವಿನಾಯಿತಿಯಿದೆ. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗೆಂದು ನಾನು ಕಂಡ ಸ್ಪರ್ಧೆಯಲ್ಲಿ ಯಾರೂ ಮನಬಂದಂತೆ ಗುಂಡು ಹಾರಿಸಲಿಲ್ಲ. ಕೋವಿಯ ಬಗೆಗೆ ತಕ್ಕಂತೆ ಬೇರೆ ಬೇರೆ ವಿಭಾಗ; ತೋಟಾ ಸಂಘಟಕರ ಕೈಯಲ್ಲಿ; ಹೆಸರು ಕೂಗಿ ಗೆರೆಗೆ ಬಂದ ಮೇಲಷ್ಟೇ ಕೋವಿ ತುಂಬಬೇಕು; ಪ್ರೇಕ್ಷಕರೆಲ್ಲ ಗೆರೆಯ ಹಿಂದೆ. ಸ್ನೇಹದ ಪಂದ್ಯವೇ ಅದು, ನಗು ಕೇಕೆಗೆ ಕೊರತೆಯಿರಲಿಲ್ಲ. ಸಲಕರಣೆಯ ವಿಷಯದಲ್ಲಿ ಮಾತ್ರ ಸಲಿಗೆಯಿರಲಿಲ್ಲ.

ಊರಿಗೆ ಮರಳಿ ಸಮಿತಿಯ ಮುಂದೆ ನಾಲ್ಕು ನಿಯಮಗಳನ್ನಿಟ್ಟೆ. ಹಾರ ಪೋಣಿಸಲು ಸಮಿತಿ ಕೊಡುವ ಹತ್ತಿಯ ದಾರವನ್ನೇ ಬಳಸಬೇಕು. ಕೋಡಿನ ತುದಿ ಚೂಪಾಗಿದ್ದರೆ ಮೊಂಡಾದ ಗೊಣಸು ತೊಡಿಸಬೇಕು. ಬೇಲಿಯ ಒಳಗೆ ಪ್ರೇಕ್ಷಕರಿರಕೂಡದು. ಪಶುವೈದ್ಯರು ನೋಡದ ಹೋರಿಗೂ, ಕುಡಿದು ಬಂದ ಮನುಷ್ಯನಿಗೂ ಅಖಾಡದಲ್ಲಿ ಜಾಗವಿಲ್ಲ.

ಹೋರಿ ಸಾಕುವ ಹಿರಿಯರೊಬ್ಬರು ಸಿಟ್ಟಾದರು. 'ದಾರ ಹರಿದ್ರೆ ನಮ್ ಹೋರಿ ಮಾನ ಹೋಗ್ತದಲ್ಲ ಮೇಷ್ಟ್ರೇ' ಎಂದರು. 'ಹುಡುಗನ ಕೈ ಹರಿದ್ರೆ ಯಾರ ಮಾನ ಹೋಗ್ತದೆ ಗೌಡ್ರೇ' ಎಂದೆ. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಅವರ ಆತಂಕದಲ್ಲಿ ಹುರುಳಿಲ್ಲದಿಲ್ಲ. ಮಕ್ಕಳಂತೆ ಸಾಕಿದ ಪ್ರಾಣಿಯ ಹೆಸರು ನಮ್ಮೂರಿನ ಒಂದು ನಿಯಮದಿಂದ ಕೆಡಬಾರದು. ಆದ್ದರಿಂದಲೇ ನಿಯಮ ಎಲ್ಲರಿಗೂ ಒಂದೇ ಇರಬೇಕು, ಒಂದೂರಿಗೆ ಮಾತ್ರ ಇದ್ದರೆ ಸಾಲದು. ಎರಡೂ ತಾಲ್ಲೂಕಿನ ಸಮಿತಿಗಳು ಕೂಡಿ ಕುಳಿತು ಒಂದೇ ದಾರ, ಒಂದೇ ಬೇಲಿಯಳತೆ ಗೊತ್ತುಮಾಡಿಕೊಂಡರೆ ಯಾರಿಗೂ ನಷ್ಟವಿಲ್ಲ.

ಇಂತಹ ಆಟಗಳನ್ನೆಲ್ಲ ನಿಷೇಧಿಸಿಬಿಡಬೇಕೆನ್ನುವವರಿದ್ದಾರೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಹೋರಿ ಓಟಗಳನ್ನು ನಿಷೇಧಿಸಿತ್ತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳ, ಹೋರಿ ಓಟ ಹಾಗೂ ಎತ್ತಿನಗಾಡಿ ಓಟಗಳಿಗೆ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು ಮತ್ತು ಮಹಾರಾಷ್ಟ್ರದ ತಿದ್ದುಪಡಿಗಳೊಂದಿಗೆ ಇದನ್ನೂ ಒಪ್ಪಿಕೊಂಡಿತು. ಪ್ರಾಣಿಗೆ ನೋವಾಗದಂತೆ ನಡೆಸುತ್ತೇವೆಂಬ ಭರವಸೆಯ ಮೇಲೆ ಸಿಕ್ಕ ಒಪ್ಪಿಗೆಯಿದು. ಬಾಲ ತಿರುಚಿ, ಚುಚ್ಚಿ ಓಡಿಸುವವರು ತಮ್ಮ ಕೈಯಿಂದಲೇ ಆ ಭರವಸೆಯನ್ನು ಮುರಿಯುತ್ತಿದ್ದಾರೆ. ಹಬ್ಬಕ್ಕೆ ನಿಜವಾದ ಕಂಟಕ ನಿಷೇಧ ಕೇಳುವವರಿಗಿಂತ ಹೆಚ್ಚಾಗಿ ನಿಯಮ ಬೇಡವೆನ್ನುವವರು.

ಕೊನೆಗೆ ನಮ್ಮ ಸಮಿತಿ ಹತ್ತಿಯ ದಾರಕ್ಕೆ ಒಪ್ಪಿತು. ಅಖಾಡದ ಬಾಗಿಲಲ್ಲಿ ಪ್ರತಿ ಹಾರವನ್ನೂ ಜಗ್ಗಿ ನೋಡಿ ಒಳಗೆ ಬಿಡುವ ಕೆಲಸವನ್ನು ಬೆರಳು ಕಳೆದುಕೊಂಡ ಆ ಹುಡುಗನಿಗೇ ವಹಿಸಿದ್ದೇವೆ. ಅವನು ಎಡಗೈಯಲ್ಲಿ ಜಗ್ಗುತ್ತಾನೆ. ಯಾವ ಮಾಲೀಕನೂ ಅವನೊಂದಿಗೆ ಈವರೆಗೆ ವಾದಕ್ಕಿಳಿದಿಲ್ಲ.