ವಿಮಾನ ನಿಲ್ದಾಣದ ಲೌಂಜ್: ಒಳಹೋಗುವ ಮುನ್ನ ತಿಳಿದಿರಬೇಕಾದುದು

ಮೂರು ವರ್ಷಗಳ ಹಿಂದಿನ ಮಾತು. ಜರ್ಮನಿಯಲ್ಲಿರುವ ಮಗಳ ಬಾಣಂತನಕ್ಕೆಂದು ನಾನೂ ನನ್ನ ಪತ್ನಿಯೂ ಮೊದಲ ಬಾರಿಗೆ ಹೊರದೇಶಕ್ಕೆ ಹೊರಟಿದ್ದೆವು. ವಿಮಾನ ಹೊರಡುವುದು ನಡುರಾತ್ರಿಯ ಬಳಿಕ. ನಾವು ನಿಲ್ದಾಣ ಸೇರಿದ್ದು ರಾತ್ರಿ ಒಂಬತ್ತಕ್ಕೇ. ಬೀಳ್ಕೊಡಲು ಬಂದಿದ್ದ ಮಗನು ತನ್ನ ಕ್ರೆಡಿಟ್ ಕಾರ್ಡನ್ನು ನನ್ನ ಕೈಗಿತ್ತು, “ಅಪ್ಪಾ, ಒಳಗ ಲೌಂಜ್ ಅಂತ ಐತಿ. ಈ ಕಾರ್ಡ್ ತೋರಿಸ್ರಿ. ಊಟ ಮಾಡಿ ಆರಾಮ ಕೂಡ್ರಿ” ಎಂದನು.

ಎಲ್ಲ ತಪಾಸಣೆಗಳನ್ನು ಮುಗಿಸಿ, ಕೇಳುತ್ತ ಕೇಳುತ್ತ ಆ ಲೌಂಜಿನ ಬಾಗಿಲಿಗೆ ಹೋದೆವು. ಮೇಜಿನ ಹಿಂದಿದ್ದ ಹುಡುಗಿ ನಮ್ಮ ಬೋರ್ಡಿಂಗ್ ಪಾಸನ್ನೂ ಕಾರ್ಡನ್ನೂ ನೋಡಿ, “ಸರ್, ಕಾರ್ಡಿನ ಮೇಲಿರುವ ಹೆಸರು ಬೇರೆ ಇದೆ. ಇದರಲ್ಲಿ ನಿಮ್ಮನ್ನು ಒಳಗೆ ಬಿಡಲು ಬರುವುದಿಲ್ಲ” ಎಂದಳು. ಅವಳ ಮಾತಿನಲ್ಲಿ ಅಗೌರವವೇನೂ ಇರಲಿಲ್ಲ. ಆದರೆ ನಮ್ಮ ಹಿಂದೆ ಹತ್ತು ಹನ್ನೆರಡು ಜನ ಸಾಲಾಗಿ ನಿಂತಿದ್ದರು. ಮೂವತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು, ಪರೀಕ್ಷೆಯಲ್ಲಿ ನಪಾಸಾದ ಹುಡುಗನಂತೆ ತಲೆತಗ್ಗಿಸಿ ನಿಂತೆ. ಪತ್ನಿಯೇ ನನ್ನ ತೋಳು ಹಿಡಿದು, “ನಡೀರಿ, ಬುತ್ತಿ ಐತಲ್ಲ, ಅಲ್ಲೇ ಕುಂತು ಊಟ ಮಾಡೂಣು” ಎಂದಳು. ವಿಮಾನದ ದ್ವಾರದ ಬಳಿಯ ಕುರ್ಚಿಗಳಲ್ಲಿ ಕುಳಿತು, ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದೆವು. ರೊಟ್ಟಿ ಎಂದಿನಂತೆಯೇ ರುಚಿಯಾಗಿತ್ತು. ಆದರೆ ಅಂದು ನನಗೆ ಅದು ಗಂಟಲಿನಲ್ಲಿ ಇಳಿಯಲಿಲ್ಲ.

ಮಕ್ಕಳು ದೂರದೇಶಗಳಲ್ಲಿ ನೆಲೆಸಿರುವ ಇಂದಿನ ದಿನಗಳಲ್ಲಿ ನಮ್ಮ ಓದುಗ ಬಂಧುಗಳಲ್ಲಿ ಅನೇಕರು ಇಂಥ ಪ್ರಯಾಣ ಮಾಡುತ್ತಿದ್ದಾರೆ. ನನಗಾದ ಮುಜುಗರ ಅವರಿಗೆ ಆಗದಿರಲಿ ಎಂಬ ಉದ್ದೇಶದಿಂದ, ಆಮೇಲೆ ನಾನು ಕೇಳಿ, ಕಂಡು ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಲೌಂಜ್ ಎಂದರೇನು?

ಹಿಂದೆ ದೊಡ್ಡ ರೈಲು ನಿಲ್ದಾಣಗಳಲ್ಲಿ ಮೇಲಿನ ದರ್ಜೆಯ ಪ್ರಯಾಣಿಕರಿಗೆಂದು ಪ್ರತ್ಯೇಕ ನಿರೀಕ್ಷಣಾ ಕೊಠಡಿ ಇರುತ್ತಿದ್ದುದನ್ನು ಹಿರಿಯರು ಬಲ್ಲರು. ವಿಮಾನ ನಿಲ್ದಾಣದ ಲೌಂಜ್ ಅದರದೇ ಮುಂದುವರಿದ ರೂಪ. ಮೆತ್ತನೆಯ ಆಸನ, ಊಟ ಉಪಾಹಾರ, ಶುಚಿಯಾದ ಶೌಚಾಲಯ, ಮೊಬೈಲಿಗೆ ವಿದ್ಯುತ್ ತುಂಬಿಸಿಕೊಳ್ಳುವ ಏರ್ಪಾಡು, ಗದ್ದಲದಿಂದ ಕೊಂಚ ಬಿಡುಗಡೆ, ಇವಿಷ್ಟು ಅಲ್ಲಿ ದೊರೆಯುತ್ತವೆ.

ಇದರ ಮೂಲ ಅಮೆರಿಕದಲ್ಲಿದೆ. 1939ರಲ್ಲಿ ನ್ಯೂಯಾರ್ಕಿನ ಲಾಗ್ವಾರ್ಡಿಯಾ ನಿಲ್ದಾಣದಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ‘ಅಡ್ಮಿರಲ್ಸ್ ಕ್ಲಬ್’ ಎಂಬ ಲೌಂಜನ್ನು ತೆರೆಯಿತು. ಆರಂಭದಲ್ಲಿ ಅದು ಸಂಸ್ಥೆಯೇ ಆಹ್ವಾನಿಸಿದ ಗಣ್ಯರಿಗೆ ಮಾತ್ರ ಮೀಸಲಾಗಿದ್ದಿತು. ಹಣ ತೆತ್ತವರಿಗೆ ಸದಸ್ಯತ್ವ ಕೊಡುವ ಪದ್ಧತಿ ಆಮೇಲೆ ಬಂದಿತು. 1992ರಲ್ಲಿ ‘ಪ್ರಯಾರಿಟಿ ಪಾಸ್’ ಎಂಬ ವ್ಯವಸ್ಥೆ ಆರಂಭವಾಯಿತು. ಇದರ ಸದಸ್ಯನು ಯಾವ ಸಂಸ್ಥೆಯ ವಿಮಾನದಲ್ಲಿ ಪ್ರಯಾಣಿಸಿದರೂ ಬೇರೆ ಬೇರೆ ಊರುಗಳ ಲೌಂಜುಗಳಿಗೆ ಹೋಗಬಹುದು. ನಮ್ಮ ದೇಶದಲ್ಲಿ ಬ್ಯಾಂಕಿನ ಕಾರ್ಡುಗಳ ಜೊತೆಗೆ ಈ ಸೌಲಭ್ಯವನ್ನು ಸೇರಿಸಿ ಕೊಡಲಾರಂಭಿಸಿದ ಮೇಲೆ ಲೌಂಜು ಮಧ್ಯಮ ವರ್ಗದವರ ಕೈಗೂ ಎಟುಕಿತು. ಇಂದು ಅದರ ಬಾಗಿಲಲ್ಲಿ ಉದ್ದನೆಯ ಸಾಲು ಕಾಣುವುದಕ್ಕೆ ಇದೂ ಒಂದು ಕಾರಣ.

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ‘080’ ಎಂಬ ಹೆಸರಿನ ಲೌಂಜುಗಳಿವೆ. ಈ ಅಂಕಿ ಬೆಂಗಳೂರಿನ ದೂರವಾಣಿಯ ಎಸ್‌ಟಿಡಿ ಸಂಖ್ಯೆ ಎಂಬುದು ನಮಗೆಲ್ಲ ಪರಿಚಿತವೇ.

ಎಲ್ಲಿರುತ್ತದೆ?

ಸಾಮಾನು ಒಪ್ಪಿಸಿ, ಬೋರ್ಡಿಂಗ್ ಪಾಸ್ ಪಡೆದು, ಭದ್ರತಾ ತಪಾಸಣೆಯನ್ನು ದಾಟಿದ ಬಳಿಕವೇ ಸಾಮಾನ್ಯವಾಗಿ ಲೌಂಜು ಸಿಗುತ್ತದೆ. ಹೊರದೇಶದ ಪ್ರಯಾಣವಾದರೆ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಳ್ಳುವ ವಲಸೆ ವಿಭಾಗವನ್ನೂ ದಾಟಬೇಕು. ಆದುದರಿಂದ ಬೀಳ್ಕೊಡಲು ಬಂದ ಮಕ್ಕಳು ನಮ್ಮೊಡನೆ ಅಲ್ಲಿಗೆ ಬರಲಾರರು. ಕಾರ್ಡು, ಪಾಸು, ಸಮಯ ಇವುಗಳ ವಿಷಯವನ್ನು ಹೊರಗಿರುವಾಗಲೇ, ಸಾಧ್ಯವಾದರೆ ಮನೆಯಲ್ಲಿಯೇ, ಮಾತನಾಡಿಕೊಂಡಿರಬೇಕು.

ಒಂದೇ ಊರಿನ ನಿಲ್ದಾಣದಲ್ಲಿ ಒಂದಕ್ಕಿಂತ ಹೆಚ್ಚು ಟರ್ಮಿನಲ್ಲುಗಳಿರುತ್ತವೆ. ಬೆಂಗಳೂರಿನ ಎರಡನೆಯ ಟರ್ಮಿನಲ್ 2022ರ ನವೆಂಬರಿನಲ್ಲಿ ಉದ್ಘಾಟನೆಗೊಂಡಿತು. 2023ರ ಸೆಪ್ಟೆಂಬರಿನಲ್ಲಿ ಹೊರದೇಶದ ವಿಮಾನಗಳನ್ನು ಅಲ್ಲಿಗೆ ವರ್ಗಾಯಿಸಲಾಯಿತು. ನಮ್ಮ ಕಾರ್ಡಿಗೆ ಅನುಮತಿ ಇರುವ ಲೌಂಜು ನಮ್ಮ ವಿಮಾನ ಹೊರಡುವ ಟರ್ಮಿನಲ್ಲಿನಲ್ಲಿಯೇ, ನಮ್ಮ ಪ್ರಯಾಣದ ವಿಭಾಗದಲ್ಲಿಯೇ ಇದೆಯೆ ಎಂದು ಮೊದಲೇ ನೋಡಿಕೊಳ್ಳಬೇಕು. ಸ್ವದೇಶದ ಪ್ರಯಾಣಿಕರ ಲೌಂಜಿಗೂ ಹೊರದೇಶಕ್ಕೆ ಹೋಗುವವರ ಲೌಂಜಿಗೂ ನಡುವೆ ಓಡಾಟವಿಲ್ಲ.

ಯಾರಿಗೆ ಪ್ರವೇಶ?

ನಾಲ್ಕು ದಾರಿಗಳಿವೆ. ಮೊದಲನೆಯದು, ವಿಮಾನದ ಮೇಲಿನ ದರ್ಜೆಯ ಟಿಕೆಟು. ಅಂಥವರನ್ನು ವಿಮಾನ ಸಂಸ್ಥೆಯೇ ಲೌಂಜಿಗೆ ಕಳುಹಿಸುತ್ತದೆ. ಎರಡನೆಯದು, ಬ್ಯಾಂಕಿನ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡು. ಮೂರನೆಯದು, ಸದಸ್ಯತ್ವದ ಪಾಸು. ನಾಲ್ಕನೆಯದು, ನೇರವಾಗಿ ಹಣ ಕೊಟ್ಟು ಹೋಗುವುದು. ಈ ಶುಲ್ಕ ಊರಿನಿಂದ ಊರಿಗೆ ಬೇರೆಯಾದರೂ, ಸಾಮಾನ್ಯವಾಗಿ ಒಬ್ಬರಿಗೆ ಸಾವಿರ ರೂಪಾಯಿಗಿಂತ ಹೆಚ್ಚೇ ಇರುತ್ತದೆ.

ನಮ್ಮಂಥವರಲ್ಲಿ ಬಹುಮಂದಿ ನಂಬಿ ಹೋಗುವುದು ಕಾರ್ಡನ್ನು. ಎಡವುವುದೂ ಅಲ್ಲಿಯೇ. ಕೆಳಗಿನ ಸಂಗತಿಗಳನ್ನು ನೆನಪಿನಲ್ಲಿಡಿ.

ಕಾರ್ಡು ಪ್ರಯಾಣ ಮಾಡುವವರ ಹೆಸರಿನಲ್ಲಿರಬೇಕು. ಮಗನ ಕಾರ್ಡು ತಂದೆಗೆ ನಡೆಯದು. ಮಕ್ಕಳು ತಮ್ಮ ಖಾತೆಯ ಮೇಲೆ ತಂದೆ ತಾಯಿಯರ ಹೆಸರಿನಲ್ಲಿ ಹೆಚ್ಚುವರಿ ಕಾರ್ಡು ಮಾಡಿಸಬಹುದು. ಆದರೆ ಅದಕ್ಕೆ ಲೌಂಜಿನ ಸೌಲಭ್ಯ ಅನ್ವಯಿಸುವುದೆ ಎಂದು ಬ್ಯಾಂಕಿನಲ್ಲಿ ಕೇಳಿಯೇ ಹೊರಡಬೇಕು.

ಒಂದು ಕಾರ್ಡಿಗೆ ಹೆಚ್ಚಾಗಿ ಒಬ್ಬರಿಗೆ ಮಾತ್ರ ಪ್ರವೇಶ. ಗಂಡನ ಕಾರ್ಡಿನ ಮೇಲೆ ಹೆಂಡತಿಯೂ ಹೋಗಬಹುದೆಂದು ಭಾವಿಸಬಾರದು. ಎರಡು ವರ್ಷಕ್ಕಿಂತ ಚಿಕ್ಕ ಕೂಸುಗಳಿಗೆ ಬಹುತೇಕ ಕಡೆಗಳಲ್ಲಿ ಶುಲ್ಕವಿಲ್ಲ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಉಂಟು.

ಸ್ವದೇಶದ ಲೌಂಜಿಗೆ ನಡೆಯುವ ಕಾರ್ಡು ಹೊರದೇಶದ ಪ್ರಯಾಣಿಕರ ಲೌಂಜಿಗೆ ನಡೆಯಲೇಬೇಕೆಂದಿಲ್ಲ. ಹೊರದೇಶಗಳಲ್ಲಿ ಕೆಲವು ಪಾಸುಗಳನ್ನು ತೋರಿಸಿದಾಗ ಒಳಗೆ ಬಿಡುತ್ತಾರೆ, ಆದರೆ ತಿಂಗಳ ಕೊನೆಗೆ ಡಾಲರಿನ ಲೆಕ್ಕದಲ್ಲಿ ಬಿಲ್ಲು ಬರುತ್ತದೆ.

ಉಚಿತ ಭೇಟಿಗಳಿಗೆ ಮೂರು ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು ಎಂಬ ಮಿತಿ ಇರುತ್ತದೆ. ಹಿಂದಿನ ಮೂರು ತಿಂಗಳಲ್ಲಿ ಕಾರ್ಡಿನ ಮೇಲೆ ಇಂತಿಷ್ಟು ಖರ್ಚು ಮಾಡಿದ್ದರೆ ಮಾತ್ರ ಪ್ರವೇಶ ಎಂಬ ನಿಯಮವನ್ನೂ ಅನೇಕ ಬ್ಯಾಂಕುಗಳು ಮಾಡಿಕೊಂಡಿವೆ. ಹೋದ ವರ್ಷ ನಡೆದ ಕಾರ್ಡು ಈ ವರ್ಷ ನಡೆಯದಿರಬಹುದು. ಪ್ರವೇಶ ದೊರೆತಾಗ, ಕಾರ್ಡಿನ ಪರಿಶೀಲನೆಗೆಂದು ಎರಡು ರೂಪಾಯಿಯಷ್ಟು ಅಲ್ಪ ಮೊತ್ತ ಕಡಿತವಾಗುವುದುಂಟು. ಅದಕ್ಕೆ ಗಾಬರಿಯಾಗಬೇಕಾಗಿಲ್ಲ.

ಒಳಗೆ ಏನಿರುತ್ತದೆ?

ಬೋರ್ಡಿಂಗ್ ಪಾಸು ಮತ್ತು ಕಾರ್ಡು ತೋರಿಸಿ ಒಳಹೊಕ್ಕ ಮೇಲೆ ಎಲ್ಲಿ ಬೇಕಾದರೂ ಕುಳಿತುಕೊಳ್ಳಬಹುದು. ಊಟವನ್ನು ಸಾಲಾಗಿ ಜೋಡಿಸಿಟ್ಟಿರುತ್ತಾರೆ. ನಮ್ಮ ಕೈಯಾರೆ ಬಡಿಸಿಕೊಳ್ಳಬೇಕು. ಎರಡನೆಯ ಸಲ ಹಾಕಿಸಿಕೊಂಡರೆ ಎರಡನೆಯ ಬಿಲ್ಲು ಬರುವುದೆಂಬ ಸಂಕೋಚ ಬೇಡ. ಇಟ್ಟಿರುವ ಊಟ, ಚಹಾ, ಕಾಫಿ ಎಲ್ಲವೂ ಪ್ರವೇಶದಲ್ಲಿಯೇ ಸೇರಿವೆ. ಮದ್ಯ ಮತ್ತು ಕೆಲವು ವಿಶೇಷ ತಿನಿಸುಗಳಿಗೆ ಮಾತ್ರ ಅನೇಕ ಕಡೆಗಳಲ್ಲಿ ಬೇರೆ ಹಣ ಕೇಳುತ್ತಾರೆ. ಆದರೆ ಊಟವನ್ನು ಕಟ್ಟಿಕೊಂಡು ಹೊರಗೆ ಒಯ್ಯಲು ಅನುಮತಿ ಇರುವುದಿಲ್ಲ.

ಶಾಕಾಹಾರಿಗಳು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಶಾಕಾಹಾರ, ಮಾಂಸಾಹಾರಗಳನ್ನು ಒಂದೇ ಸಾಲಿನಲ್ಲಿ, ಅಕ್ಕಪಕ್ಕದಲ್ಲಿಯೇ ಇಟ್ಟಿರುವುದುಂಟು. ಪಾತ್ರೆಯ ಮುಂದಿರುವ ಚೀಟಿಯನ್ನೂ ಹಸಿರು ಗುರುತನ್ನೂ ನೋಡಿ ಬಡಿಸಿಕೊಳ್ಳಬೇಕು. ಸಂದೇಹ ಬಂದರೆ ಕೇಳಲು ಹಿಂಜರಿಯಬಾರದು. ನಮ್ಮ ದೇಶದ ಲೌಂಜುಗಳಲ್ಲಿ ಅನ್ನ, ಬೇಳೆ, ಪಲ್ಯ, ದಕ್ಷಿಣದಲ್ಲಾದರೆ ಇಡ್ಲಿ ಉಪ್ಪಿಟ್ಟು ಸಿಕ್ಕೇ ಸಿಗುತ್ತವೆ. ಹೊರದೇಶಗಳಲ್ಲಿ ಬ್ರೆಡ್ಡು, ಹಣ್ಣು, ಮೊಸರು, ಸೊಪ್ಪಿನ ಸಲಾಡು ಇಷ್ಟಕ್ಕೇ ತೃಪ್ತಿಪಡಬೇಕಾಗಬಹುದು. ಅಲ್ಲಿಯ ಸೂಪಿನಲ್ಲಿ ಮಾಂಸದ ರಸ ಬೆರೆತಿರಬಹುದಾದುದರಿಂದ ವಿಚಾರಿಸಿಯೇ ತೆಗೆದುಕೊಳ್ಳುವುದು ಲೇಸು.

ಕೆಲವು ಲೌಂಜುಗಳಲ್ಲಿ ಸ್ನಾನದ ಕೋಣೆಯೂ ಇರುತ್ತದೆ. ನಡುದಾರಿಯಲ್ಲಿ ಐದಾರು ತಾಸು ವಿಮಾನ ಬದಲಿಸಲು ಕಾಯಬೇಕಾದ ವೃದ್ಧರಿಗೆ ಇದು ನಿಜವಾದ ಉಪಕಾರ. ಸಕ್ಕರೆ ಕಾಯಿಲೆ ಇರುವವರು ಹೊತ್ತಿಗೆ ಸರಿಯಾಗಿ ಉಂಡು ಮಾತ್ರೆ ತೆಗೆದುಕೊಳ್ಳಲೂ ಅನುಕೂಲ. ಆದರೆ ಜನಸಂದಣಿಯ ಹೊತ್ತಿನಲ್ಲಿ ಒಳಗೆ ಕುರ್ಚಿ ಸಿಗುವುದೂ ಕಷ್ಟವಾಗುತ್ತದೆ. ಎಲ್ಲ ಲೌಂಜೂ ಅರಮನೆ ಎಂದು ಭಾವಿಸಿ ಹೋದರೆ ನಿರಾಶೆಯಾದೀತು.

ಗಡಿಯಾರವನ್ನು ಮರೆಯಬಾರದು

ವಿಮಾನ ಹೊರಡುವುದಕ್ಕೆ ಎರಡು ಮೂರು ತಾಸುಗಳಷ್ಟೇ ಮುಂಚೆ ಲೌಂಜಿನೊಳಗೆ ಬಿಡುವುದು ರೂಢಿ. ಬಹಳ ಬೇಗ ಹೋದವರು ಹೊರಗೆ ಕಾಯಬೇಕಾಗುತ್ತದೆ. ಒಳಗೆ ಹೋದ ಮೇಲಿನ ಅಪಾಯ ಬೇರೆಯೇ. ಮೆತ್ತನೆಯ ಕುರ್ಚಿ, ತುಂಬಿದ ಹೊಟ್ಟೆ, ನಡುರಾತ್ರಿ, ಇವು ಮೂರೂ ಕೂಡಿದರೆ ನಿದ್ದೆ ಬಾರದಿರುವುದೆ?

ಬಸ್ ನಿಲ್ದಾಣದಲ್ಲಿ ಕೂಗಿ ಕರೆಯುವಂತೆ ಇಲ್ಲಿ ಯಾರೂ ಕರೆಯುವುದಿಲ್ಲ. ಮುಂಬಯಿಯೂ ಸೇರಿದಂತೆ ಅನೇಕ ನಿಲ್ದಾಣಗಳಲ್ಲಿ ಧ್ವನಿವರ್ಧಕದ ಪ್ರಕಟಣೆಗಳನ್ನು ಕಡಿಮೆ ಮಾಡಲಾಗಿದೆ. ಫಲಕವನ್ನು ನಾವೇ ನೋಡುತ್ತಿರಬೇಕು. ಬೋರ್ಡಿಂಗ್ ಪಾಸಿನ ಮೇಲೆ ಅಚ್ಚಾಗಿರುವ ದ್ವಾರದ ಸಂಖ್ಯೆ ಕೊನೆಯ ಗಳಿಗೆಯಲ್ಲಿ ಬದಲಾಗುವುದೂ ಉಂಟು. ಸ್ವದೇಶದ ವಿಮಾನಗಳ ದ್ವಾರವನ್ನು ಹೊರಡುವುದಕ್ಕೆ ಸುಮಾರು 25 ನಿಮಿಷ ಮುಂಚೆ ಮುಚ್ಚುತ್ತಾರೆ. ಹೊರದೇಶದ ವಿಮಾನಗಳಿಗೆ ಇನ್ನೂ ಮುಂಚಿತವಾಗಿಯೇ ಹತ್ತಿಸಲು ತೊಡಗುತ್ತಾರೆ. ದೊಡ್ಡ ನಿಲ್ದಾಣಗಳಲ್ಲಿ ಲೌಂಜಿನಿಂದ ದ್ವಾರಕ್ಕೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ ಬೇಕಾದೀತು. ಆದುದರಿಂದ, ಒಳಹೋದೊಡನೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಇಬ್ಬರಿದ್ದರೆ ಒಬ್ಬರು ಎಚ್ಚರವಾಗಿರಿ.

ಗಾಲಿಕುರ್ಚಿಯ ನೆರವು ಬೇಕಾದವರು ಪ್ರಯಾಣಕ್ಕೆ ಕನಿಷ್ಠ 48 ಗಂಟೆ ಮುಂಚೆ ವಿಮಾನ ಸಂಸ್ಥೆಗೆ ತಿಳಿಸಿರಬೇಕು. ನೆರವಿಗೆ ಬಂದ ಸಿಬ್ಬಂದಿಯವರು ಸಾಮಾನ್ಯವಾಗಿ ನೇರವಾಗಿ ದ್ವಾರಕ್ಕೇ ಒಯ್ಯುತ್ತಾರೆ. ಲೌಂಜಿಗೆ ಹೋಗಬೇಕೆಂದಿದ್ದರೆ ಮೊದಲೇ ಹೇಳಿ, ಮರಳಿ ಎಷ್ಟು ಗಂಟೆಗೆ ಕರೆದೊಯ್ಯುವರೆಂದು ಖಚಿತಪಡಿಸಿಕೊಳ್ಳಿ.

ವಂಚಕರ ಬಗ್ಗೆ ಒಂದು ಮಾತು

2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ನಿಲ್ದಾಣದಲ್ಲಿ ಒಬ್ಬ ಮಹಿಳೆ ಲೌಂಜ್ ಪ್ರವೇಶಕ್ಕೆಂದು ತಮ್ಮ ಮೊಬೈಲಿಗೆ ಒಂದು ಆ್ಯಪನ್ನು ಹಾಕಿಕೊಂಡರು. ಅದು ವಂಚಕರು ಸೃಷ್ಟಿಸಿದ ನಕಲಿ ಆ್ಯಪ್. ಅವರು ಲೌಂಜಿಗೆ ಹೋಗಲೂ ಇಲ್ಲ, ಆದರೆ ಅವರ ಕ್ರೆಡಿಟ್ ಕಾರ್ಡಿನಿಂದ 87 ಸಾವಿರ ರೂಪಾಯಿಗೂ ಹೆಚ್ಚು ಹಣ ಹೋಯಿತು. ಇಂಥದೇ ಆ್ಯಪನ್ನು ಪರಿಶೀಲಿಸಿದ ಕ್ಲೌಡ್‌ಸೆಕ್ ಎಂಬ ಸೈಬರ್ ಭದ್ರತಾ ಸಂಸ್ಥೆಯು, ಅದೇ ವರ್ಷದ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಸುಮಾರು 450 ಪ್ರಯಾಣಿಕರು ಅದನ್ನು ಹಾಕಿಕೊಂಡಿದ್ದರೆಂದೂ, 9 ಲಕ್ಷ ರೂಪಾಯಿಗೂ ಹೆಚ್ಚು ಹಣ ಅವರಿಂದ ಅಪಹೃತವಾಗಿತ್ತೆಂದೂ ತಿಳಿಸಿತು. ಮೊಬೈಲಿಗೆ ಬರುವ ಸಂದೇಶಗಳನ್ನು ಕದ್ದೋದುವುದೇ ಆ ಆ್ಯಪಿನ ಕೆಲಸವಾಗಿತ್ತು.

ನಿಲ್ದಾಣದಲ್ಲಿ ಅಪರಿಚಿತರು ಕಳುಹಿಸಿದ ಕೊಂಡಿಯನ್ನು ಒತ್ತಬೇಡಿ. ಯಾರ ಮಾತು ಕೇಳಿಯೂ ಅಲ್ಲಿಯೇ ಹೊಸ ಆ್ಯಪ್ ಹಾಕಿಕೊಳ್ಳಬೇಡಿ. ಓಟಿಪಿ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ. ಮೋಸ ಹೋಗಿರುವುದು ತಿಳಿದ ಕೂಡಲೇ ಬ್ಯಾಂಕಿಗೂ 1930 ಸಂಖ್ಯೆಯ ಸೈಬರ್ ಸಹಾಯವಾಣಿಗೂ ಕರೆ ಮಾಡಿರಿ.

ಪ್ರವೇಶ ಸಿಗದಿದ್ದರೆ?

ಏನೂ ಕೆಡುವುದಿಲ್ಲ. ದ್ವಾರದ ಬಳಿ ಕುರ್ಚಿಗಳಿವೆ, ಕುಡಿಯುವ ನೀರಿದೆ, ಶೌಚಾಲಯವಿದೆ. ಮನೆಯ ರೊಟ್ಟಿ, ಚಪಾತಿಯ ಬುತ್ತಿಯನ್ನು ಒಯ್ಯಲು ಅಡ್ಡಿಯಿಲ್ಲ. ಮೊಸರು, ಸಾರಿನಂಥ ದ್ರವ ಪದಾರ್ಥಗಳನ್ನು ಮಾತ್ರ ತಪಾಸಣೆಯಲ್ಲಿ ತಡೆಯುತ್ತಾರೆ. ನಿಲ್ದಾಣದ ಅಂಗಡಿಗಳ ಬೆಲೆ ದುಬಾರಿ ಎಂಬ ಬಹುದಿನದ ದೂರನ್ನು ಮನಗಂಡು, 2024ರ ಡಿಸೆಂಬರಿನಲ್ಲಿ ಕೋಲ್ಕತ್ತ ನಿಲ್ದಾಣದಲ್ಲಿ ‘ಉಡಾನ್ ಯಾತ್ರಿ ಕೆಫೆ’ಯನ್ನು ತೆರೆಯಲಾಯಿತು. 10 ರೂಪಾಯಿಗೆ ಚಹಾ, 20 ರೂಪಾಯಿಗೆ ಕಾಫಿ ಎಂಬ ದರದಲ್ಲಿ ಅದು ಆರಂಭವಾಯಿತು. ಮರುವರ್ಷ ಚೆನ್ನೈ ನಿಲ್ದಾಣಕ್ಕೂ ಅದು ಬಂದಿತು. ಇಂಥ ಏರ್ಪಾಡು ಎಲ್ಲ ನಿಲ್ದಾಣಗಳಿಗೂ ಬರಲಿ ಎಂದು ಹಾರೈಸೋಣ.

ಐದು ತಿಂಗಳ ಹಸುಗೂಸನ್ನು ಬಿಟ್ಟು ಮರಳುವಾಗ ಅಳಿಯನು ನಮ್ಮಿಬ್ಬರ ಹೆಸರಿನಲ್ಲಿಯೂ ಮುಂಗಡವಾಗಿಯೇ ಲೌಂಜಿನ ಪಾಸು ಮಾಡಿಸಿಕೊಟ್ಟಿದ್ದನು. ನಡುದಾರಿಯ ನಿಲ್ದಾಣದಲ್ಲಿ ನಾಲ್ಕು ತಾಸು ಕಾಯಬೇಕಿತ್ತು. ಈ ಬಾರಿ ಬಾಗಿಲಲ್ಲಿ ಯಾವ ತೊಡಕೂ ಬರಲಿಲ್ಲ. ಪತ್ನಿ ಮುಖ ತೊಳೆದು, ಬಿಸಿ ಹಾಲು ಕುಡಿದು, ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದಳು. ಮೊಮ್ಮಗಳನ್ನು ನೆನೆದು ಅಳುತ್ತಿದ್ದಳೆಂದು ನನಗೆ ಗೊತ್ತಿತ್ತು. ಹೊರಗಿನ ಗದ್ದಲದಲ್ಲಿ ಹಾಗೆ ಅಳುವುದಕ್ಕೂ ಅವಳಿಗೆ ಎಡೆ ಇರುತ್ತಿರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಮ್ಮ ವಯಸ್ಸಿನವರೇ ಆದ ಗಂಡ ಹೆಂಡಿರು ಕೈಯಲ್ಲಿ ಕಾರ್ಡು ಹಿಡಿದು ಗೊಂದಲದಲ್ಲಿ ನಿಂತಿದ್ದರು. ಭಾಷೆ ತೆಲುಗು. ಆ ಕಾರ್ಡು ಅವರ ಮಗನದು. ನಾನು ಅವರಿಗೆ ವಿಷಯ ತಿಳಿಸಿ ಹೇಳಿದೆ. ಪತ್ನಿಯು ಆ ತಾಯಿಯ ಕೈಹಿಡಿದು ದ್ವಾರದ ಕಡೆಗೆ ಕರೆದೊಯ್ದಳು. ಮಗಳು ಕಟ್ಟಿಕೊಟ್ಟಿದ್ದ ಚಪಾತಿ ನಮ್ಮ ಚೀಲದಲ್ಲಿ ಹಾಗೆಯೇ ಇದ್ದವು. ನಾಲ್ವರೂ ಕುಳಿತು ಹಂಚಿಕೊಂಡು ತಿಂದೆವು.