ಇಂಗ್ಲಿಷ್ ಪದ್ಯಕ್ಕೆ ಕನ್ನಡದ ಕೀಲಿಕೈ

ಡಿಗ್ರಿ ಪರೀಕ್ಷೆ ಹತ್ತಿರ ಬಂತು ಅನ್ನೋ ಸುದ್ದಿ ನಮ್ಮ ಶಿವಮೊಗ್ಗದಲ್ಲಿ ಮೊದಲು ಮುಟ್ಟೋದು ಜೆರಾಕ್ಸ್ ಅಂಗಡಿಗಳಿಗೆ. ಆಮೇಲೆ ಮನೆಯವರಿಗೆ, ಕಟ್ಟಕಡೆಗೆ ಹುಡುಗರಿಗೆ. ಯಾರೋ ಪುಣ್ಯಾತ್ಮರು ಎಂದೋ ಬರೆದಿಟ್ಟ ನೋಟ್ಸು ಹತ್ತು ಕೈ ದಾಟಿ, ಅಕ್ಷರ ಮಸುಕಾಗಿ, ಹನ್ನೊಂದನೆಯವನಿಗೆ ಸಿಗುವ ಹೊತ್ತಿಗೆ ಕೀಟ್ಸ್ ಯಾರು, ಶೆಲ್ಲಿ ಯಾರು ಅನ್ನೋದೇ ಗುರುತು ಹತ್ತದ ಹಾಗೆ ಆಗಿರುತ್ತೆ. ಆದರೂ ಪುಟಕ್ಕೆ ಇಷ್ಟು ಅಂತ ಕೊಟ್ಟು ತಗೊಂಡು ಹೋಗ್ತಾರೆ. ಅಂಗಡಿಯವರಿಗೆ ವ್ಯಾಪಾರ, ಹುಡುಗರಿಗೆ ಧೈರ್ಯ.

ಸಂಜೆ ಹೊತ್ತು ತೀರ್ಥಹಳ್ಳಿ, ಸಾಗರ, ಶಿಕಾರಿಪುರದ ಕಡೆ ಬಸ್ಸು ಹತ್ತುವವರು ಇವರನ್ನು ನೋಡಿಯೇ ಇರ್ತೀರಿ. ಮೂರು ಜನರ ಸೀಟಿನಲ್ಲಿ ನಾಲ್ಕು ಜನ, ತೊಡೆಯ ಮೇಲೆ ಒಂದೇ ಪುಸ್ತಕ. ಒಬ್ಬಳು ಇಂಗ್ಲಿಷ್ ಪದ್ಯ ಓದ್ತಾಳೆ. ಇನ್ನೊಬ್ಬಳು "ಎಂತದೇ ಹಂಗಂದ್ರೆ?" ಅಂತಾಳೆ. ಮೂರನೆಯವಳು ಕನ್ನಡದಲ್ಲಿ ಏನೋ ಹೇಳ್ತಾಳೆ, ನಾಲ್ಕನೆಯವಳು "ಅಲ್ಲ ಕಣೇ" ಅಂತ ಜಗಳಕ್ಕೆ ನಿಲ್ತಾಳೆ. ಪಕ್ಕದ ಸೀಟಿನ ಯಜಮಾನರು ಇದೇನು ಗಲಾಟೆ ಅಂತ ಮುಖ ಸಿಂಡರಿಸ್ತಾರೆ. ಸ್ವಾಮಿ, ಅದು ಗಲಾಟೆ ಅಲ್ಲ. ಆ ಹುಡುಗಿಗೆ ಇಡೀ ದಿನದಲ್ಲಿ ಸಿಕ್ಕ ಒಂದೇ ಒಂದು ಸರಿಯಾದ ಪಾಠ ಅದೇ ಇದ್ದೀತು.

ಈ ಅಂಕಣದಲ್ಲಿ ರಸ್ತೆ ಗುಂಡಿ, ಚರಂಡಿ, ಬೀದಿ ದೀಪ ಬಿಟ್ಟು ಇವತ್ತು ಕಾವ್ಯ ಯಾಕೆ ಬಂತು ಅಂತ ಕೇಳಬಹುದು. ಕಾರಣ ಇದೆ. ಬಿ.ಎ.ಯಲ್ಲಿ ಚರಿತ್ರೆ, ಸಮಾಜಶಾಸ್ತ್ರದ ಜೊತೆಗೆ ಇಂಗ್ಲಿಷ್ ಸಾಹಿತ್ಯವನ್ನೂ ತಗೊಳ್ಳುವ ಮಕ್ಕಳಲ್ಲಿ ಕನ್ನಡ ಮೀಡಿಯಮ್ಮಿನವರು ಬೇಕಾದಷ್ಟು ಜನ. ಮನೆಯಲ್ಲಿ ಇಂಗ್ಲಿಷ್ ಓದಿದವರು ಇಲ್ಲ. ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಬೇಕು ಅನ್ನೋ ಆಸೆ. ಪದ್ಯದ ಪೇಪರಿನಲ್ಲಿ ಗೋತಾ ಹೊಡೆದರೆ ಗಂಡುಮಗನಿಗೆ ಮತ್ತೊಂದು ಸಲ ಫೀಜು ಕಟ್ಟುವ ಅವಕಾಶ ಸಿಗುತ್ತೆ. ಹೆಣ್ಣುಮಗಳಿಗೆ ಎಷ್ಟೋ ಮನೆಗಳಲ್ಲಿ "ಸಾಕು ಓದಿದ್ದು" ಅನ್ನೋ ಮಾತು ಸಿಗುತ್ತೆ. ಒಂದು ಪದ್ಯ ಅರ್ಥ ಆಗೋದು, ಬಿಡೋದು ಅಷ್ಟು ದೊಡ್ಡ ಸಂಗತಿ.

ಗೈಡಿನ ಮಹಿಮೆ

ಪದ್ಯದ ಪೇಪರಿನಲ್ಲಿ ಕೇಳೋದು ಹೆಚ್ಚುಕಡಿಮೆ ಎರಡು ತರಹ. ಪದ್ಯದ ಒಂದೆರಡು ಸಾಲು ಕೊಟ್ಟು ಸಂದರ್ಭ ಹೇಳಿ ವಿವರಿಸಿ ಅನ್ನೋದು ಒಂದು. ಕವಿ ಏನು ಹೇಳ್ತಾನೆ, ಹೇಗೆ ಹೇಳ್ತಾನೆ ಅಂತ ಉದ್ದ ಉತ್ತರ ಬರೆಸೋದು ಇನ್ನೊಂದು. ಗೈಡಿನಲ್ಲಿ ಇವೆರಡಕ್ಕೂ ಉತ್ತರ ತಯಾರಿದೆ. ಈಗಂತೂ ಮೊಬೈಲಿಗೆ ಕೇಳಿದರೆ ಸಾರಾಂಶ ಕ್ಷಣದಲ್ಲಿ ಬಂದು ಬೀಳುತ್ತೆ. ಬಾಯಿಪಾಠ ಮಾಡಿ ಕಾರಿಕೊಂಡರೆ ಮುಗೀತು.

ಮುಗೀತೇ? ಕೊಟ್ಟ ಸಾಲು ಯಾವ ಪದ್ಯದ್ದು ಅನ್ನೋದೇ ಗುರುತು ಸಿಗದಿದ್ದರೆ ಬಾಯಿಪಾಠ ಯಾವ ಕೆಲಸಕ್ಕೆ ಬಂತು? ಪದ್ಯವನ್ನೇ ಓದದೆ ಪದ್ಯದ ಮೇಲಿನ ಟಿಪ್ಪಣಿ ಓದಿದವನ ಪಾಡು, ಮದುವೆಗೆ ಹೋಗದೆ ಲಗ್ನಪತ್ರಿಕೆ ಓದಿ ಊಟದ ರುಚಿ ಹೇಳುವವನ ಪಾಡಿನ ಹಾಗೆ. ಪೇಪರ್ ನೋಡುವ ಮೇಷ್ಟ್ರುಗಳು ಒಂದೇ ಗೈಡಿನ ಒಂದೇ ವಾಕ್ಯವನ್ನು ನೂರು ಕಡೆ ಓದಿ ಸುಸ್ತಾಗಿರ್ತಾರೆ. ನಡುವೆ ಒಬ್ಬ ತಪ್ಪೋ ಒಪ್ಪೋ ಸ್ವಂತ ಮಾತು ಬರೆದಿದ್ದರೆ ಕಣ್ಣು ಅಲ್ಲಿ ನಿಲ್ಲುತ್ತೆ. ಆ ಸ್ವಂತ ಮಾತು ಹುಟ್ಟೋದು ಬಸ್ಸಿನ ಸೀಟಿನ ಆ "ಅಲ್ಲ ಕಣೇ" ಜಗಳದಲ್ಲಿ.

ಎಲ್ಲಿಯ ಬೇಸಿಗೆ, ಯಾವ ಗಾಳಿ?

ಒಂದು ಉದಾಹರಣೆ ನೋಡಿ. ಷೇಕ್ಸ್‌ಪಿಯರನ ಸಾನೆಟ್ಟುಗಳು ಅಚ್ಚಾದದ್ದು 1609ರಲ್ಲಿ. ಅವುಗಳಲ್ಲಿ ಹದಿನೆಂಟನೆಯದು ಪದ್ಯಪುಸ್ತಕಗಳಿಗೆ ಬಲು ಪ್ರೀತಿ. ಅದರಲ್ಲಿ ಕವಿ ತನ್ನ ಪ್ರೀತಿಯ ಜೀವವನ್ನು ಬೇಸಿಗೆಯ ದಿನಕ್ಕೆ ಹೋಲಿಸಲು ಹೊರಟು, ಬೇಸಿಗೆಗಿಂತ ನೀನೇ ಮೇಲು ಅಂತ ತೀರ್ಮಾನಕ್ಕೆ ಬರ್ತಾನೆ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಓದಿದವರಿಗೆ ಏನನ್ನಿಸಬೇಕು? ನಿನ್ನ ಮುಖ ಬಿಸಿಲಿನ ಹಾಗಿದೆ ಅಂದರೆ ಅದು ಹೊಗಳಿಕೆಯೋ ಬೈಗುಳವೋ? ಒಬ್ಬನೇ ಕೂತು ಓದಿದವನು ಈ ಅನುಮಾನ ನುಂಗಿಕೊಂಡು ಗೈಡಿಗೆ ಶರಣಾಗ್ತಾನೆ. ನಾಲ್ಕು ಜನ ಇದ್ದರೆ ಒಬ್ಬರಾದರೂ ಕೇಳಿಯೇ ಕೇಳ್ತಾರೆ. ಕೇಳಿದ ಮೇಲೆ ತಾನೇ ಗೊತ್ತಾಗೋದು, ಇಂಗ್ಲೆಂಡಿನಲ್ಲಿ ಉದ್ದದ ಚಳಿ ಮುಗಿದ ಮೇಲೆ ಬರುವ ಬೇಸಿಗೆ ಹಿತವಾದದ್ದು, ಬೇಗ ಕಳೆದುಹೋಗುವಂಥದ್ದು ಅಂತ. ಬೇಗ ಕಳೆದುಹೋಗುತ್ತೆ ಅನ್ನೋದರಲ್ಲೇ ಇಡೀ ಪದ್ಯದ ಗುಟ್ಟು. ಬೇಸಿಗೆ ಹೋಗುತ್ತೆ, ನೀನು ನನ್ನ ಪದ್ಯದಲ್ಲಿ ಉಳೀತೀಯ ಅನ್ನೋದು ಕವಿಯ ಜಂಬ. ನಾನ್ನೂರು ವರ್ಷ ಆದರೂ ನಮ್ಮ ಮಕ್ಕಳು ಅದರ ಮೇಲೆ ಪರೀಕ್ಷೆ ಬರೀತಿದ್ದಾರೆ ಅಂದ ಮೇಲೆ ಜಂಬ ಸುಳ್ಳಲ್ಲ.

ಶೆಲ್ಲಿಯ ಪಡುವಣ ಗಾಳಿಯ ಪದ್ಯದಲ್ಲಿ ಇದಕ್ಕೆ ತಿರುಗುಮುರುಗು. ಅವನು ಅದನ್ನು ಬರೆದದ್ದು 1819ರಲ್ಲಿ, ಇಟಲಿಯ ಫ್ಲಾರೆನ್ಸ್ ಊರಿನಲ್ಲಿದ್ದಾಗ. ಮಲೆನಾಡಿನವರಿಗೆ ಪಡುವಣ ಗಾಳಿ ಅಂದರೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ್ ತಿಂಗಳು, ಮುಂಗಾರು, ಹಾರಿಹೋಗುವ ಹೆಂಚು, ಹೋದ ಕರೆಂಟು. ಅದನ್ನೇ ಉತ್ತರದಲ್ಲಿ ಬರೆದರೆ ಮಾತ್ರ ಎಡವಟ್ಟು. ಶೆಲ್ಲಿಯ ಗಾಳಿ ಎಲೆ ಉದುರುವ ಕಾಲದ್ದು. ಮುಂದೆ ಬರೋದು ಚಳಿ. ಆ ಗಾಳಿ ಒಣಗಿದ್ದನ್ನು ಉದುರಿಸಿ, ಬೀಜಗಳನ್ನು ಮಣ್ಣಿಗೆ ಸೇರಿಸುತ್ತೆ. ಬೀಜ ಎದ್ದೇಳೋದು ಚಳಿ ಕಳೆದ ಮೇಲೆ. ನಮ್ಮ ಗಾಳಿ ಹಸಿರನ್ನು ಕೈಯಲ್ಲೇ ಹಿಡಿದು ತರುತ್ತೆ, ಅವನ ಗಾಳಿ ಹಸಿರಿಗೆ ಕಾಯಿಸುತ್ತೆ. ಈ ವ್ಯತ್ಯಾಸ ಕಂಡುಹಿಡಿದ ಗುಂಪಿಗೆ ಪದ್ಯ ಜನ್ಮದಲ್ಲಿ ಮರೆಯಲ್ಲ.

ಜಾಮಿಟ್ರಿ ಬಾಕ್ಸಿನ ಕೈವಾರ

ಜಾನ್ ಡನ್ ಅಂತ ಇನ್ನೊಬ್ಬ ಕವಿ. 1631ರಲ್ಲಿ ತೀರಿಕೊಂಡ, ಪದ್ಯಗಳ ಪುಸ್ತಕ ಬಂದದ್ದು 1633ರಲ್ಲಿ. ಅವನ ಒಂದು ಪದ್ಯದಲ್ಲಿ ದೂರದ ಊರಿಗೆ ಹೊರಟು ನಿಂತವನು, ಉಳಿದುಕೊಳ್ಳುವವಳಿಗೆ ಅಳಬೇಡ ಅಂತ ಸಮಾಧಾನ ಹೇಳ್ತಾನೆ. ನಮ್ಮಿಬ್ಬರ ಜೀವ ಒಂದು ಕೈವಾರದ ಎರಡು ಕಾಲಿದ್ದ ಹಾಗೆ ಅನ್ನೋದು ಅವನ ವಾದ. ಪ್ರೇಮಕ್ಕೂ ಗಣಿತದ ಸಾಮಾನಿಗೂ ಎಲ್ಲಿಯ ನಂಟು ಅಂತ ಹುಡುಗರು ತಲೆ ಕೆರೆದುಕೊಳ್ತಾರೆ. ಗೈಡಿನಲ್ಲಿ ಇದಕ್ಕೆ ಒಂದು ದೊಡ್ಡ ಇಂಗ್ಲಿಷ್ ಹೆಸರು ಕೊಟ್ಟು ಕೈ ತೊಳಕೊಂಡಿರ್ತಾರೆ.

ಗುಂಪಿನಲ್ಲಿ ಯಾರಾದರೂ ಒಬ್ಬರು ತಮ್ಮನ ಜಾಮಿಟ್ರಿ ಬಾಕ್ಸಿನಿಂದ ಕೈವಾರ ತಂದು ಹಾಳೆಯ ಮೇಲೆ ಇಟ್ಟು ತಿರುಗಿಸಿದರೆ ಸಾಕು, ಎರಡು ನಿಮಿಷದ ಪಾಠ. ಮುಳ್ಳಿನ ಕಾಲು ನಟ್ಟಿದ್ದ ಕಡೆಯೇ ನಟ್ಟಿರುತ್ತೆ. ಆದರೆ ಪೆನ್ಸಿಲ್ ಕಾಲು ದೂರ ಹೋದಷ್ಟೂ ಅದು ಆ ಕಡೆಗೆ ವಾಲುತ್ತೆ. ಹತ್ತಿರ ಬಂದರೆ ನೆಟ್ಟಗಾಗುತ್ತೆ. ಮಧ್ಯದ ಕಾಲು ಗಟ್ಟಿ ನಿಂತಿದ್ದಕ್ಕೇ ಹೊರಗೆ ತಿರುಗುವ ಕಾಲು ವೃತ್ತ ಪೂರ್ತಿ ಮಾಡಿ ಹೊರಟಲ್ಲಿಗೇ ಬಂದು ಸೇರುತ್ತೆ. ದಿನಾ ಬೆಳಗಿನ ಬಸ್ಸಿಗೆ ಹೋಗಿ ರಾತ್ರಿ ಬಸ್ಸಿಗೆ ಮನೆ ಸೇರುವ ನೀವೇ ಹೇಳಿ, ಇದರಲ್ಲಿ ಅರ್ಥವಾಗದೇ ಇರುವಂಥದ್ದು ಏನಿದೆ?

ಹತ್ತನೇ ಕ್ಲಾಸಿನ ಗುರು ಲಘು

ನಮ್ಮ ಮಕ್ಕಳ ದೊಡ್ಡ ರೋಗ ಇಂಗ್ಲಿಷ್ ಬಾರದೇ ಇರೋದಲ್ಲ, ತಮಗೆ ಏನೂ ಗೊತ್ತಿಲ್ಲ ಅಂದುಕೊಂಡಿರೋದು. ಉಪಮೆ, ರೂಪಕ ಅಂದರೆ ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಓದಿದ್ದೇ. ಇಂಗ್ಲಿಷ್ ಹೆಸರು ಹಾಕಿಕೊಂಡು ಬಂದರೆ ಗುರುತು ಸಿಗದೆ ಹೆದರ್ತಾರೆ, ಪೊಲೀಸು ಯೂನಿಫಾರಂ ಹಾಕಿದ ಪಕ್ಕದ ಮನೆಯವನನ್ನು ಕಂಡು ಹೆದರಿದ ಹಾಗೆ. ಸಾನೆಟ್ಟಿಗೆ ಕನ್ನಡದಲ್ಲಿ ಸುನೀತ ಅಂತಲೇ ಹೆಸರಿದೆ, ಹದಿನಾಲ್ಕು ಸಾಲು.

ಛಂದಸ್ಸು ನೋಡಿ. ಗುರು ಲಘು ಗುರುತು ಹಾಕಿ ಗಣ ವಿಂಗಡಿಸಿದ ಕೈಗಳೇ ಇವು. ಇಂಗ್ಲಿಷಿನಲ್ಲಿ ಒಂದೇ ಒಂದು ತಿರುವು ತಿಳಕೊಳ್ಳಬೇಕು. ಕನ್ನಡದಲ್ಲಿ ಲೆಕ್ಕಕ್ಕೆ ಬರೋದು ಅಕ್ಷರ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದು, ಇಂಗ್ಲಿಷಿನಲ್ಲಿ ಒತ್ತು ಎಲ್ಲಿ ಬೀಳುತ್ತೆ ಅನ್ನೋದು. ಫೋಟೋಗ್ರಾಫ್ ಅನ್ನುವಾಗ ಇಂಗ್ಲಿಷರು ಒತ್ತುವುದು ಮೊದಲ ತುಂಡನ್ನು. ಫೋಟೋಗ್ರಾಫರ್ ಅನ್ನುವಾಗ ಒತ್ತು ಎರಡನೆಯದಕ್ಕೆ ಜಿಗಿಯುತ್ತೆ. ಷೇಕ್ಸ್‌ಪಿಯರನ ಸಾಲಿನ ಮಾಮೂಲಿ ನಡಿಗೆ ಅಂದರೆ ಒಂದು ಮೆಲ್ಲಗೆ, ಒಂದು ಗಟ್ಟಿ, ಹೀಗೆ ಐದು ಸಲ. ಬೆರಳಿನಲ್ಲಿ ಬೆಂಚು ಕುಟ್ಟಿಕೊಂಡು ಗಟ್ಟಿಯಾಗಿ ಓದಿದರೆ ಕಿವಿಗೆ ತಾನೇ ಸಿಗುತ್ತೆ. ಮನಸ್ಸಿನಲ್ಲೇ ಓದಿಕೊಂಡರೆ ಸಿಗಲ್ಲ. ಒಬ್ಬನೇ ಬೆಂಚು ಕುಟ್ಟಿದರೆ ಜನ ಬೇರೆ ಅರ್ಥ ಮಾಡ್ತಾರೆ, ಅದಕ್ಕೂ ಜೊತೆ ಬೇಕು.

ಈ ಜಿಲ್ಲೆಗೆ ಹೊಸದಲ್ಲ

ಇಂಗ್ಲಿಷ್ ಪದ್ಯವನ್ನು ಕನ್ನಡದ ಬಾಯಿಗೆ ಹಾಕಿಕೊಂಡು ಅಗಿಯೋದು ಹಳ್ಳಿ ಹುಡುಗರ ದಾರಿದ್ರ್ಯ ಅಂತ ತಿಳಿದವರಿದ್ದಾರೆ. ಅವರಿಗೆ ಸ್ವಲ್ಪ ಚರಿತ್ರೆ ಹೇಳಬೇಕು. ಮೈಸೂರಿನಲ್ಲಿ ಇಂಗ್ಲಿಷ್ ಪ್ರೊಫೆಸರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪದ್ಯಗಳನ್ನು ಕನ್ನಡಕ್ಕೆ ತಂದು 1926ರಲ್ಲಿ 'ಇಂಗ್ಲಿಷ್ ಗೀತಗಳು' ಪ್ರಕಟಿಸಿದರು. ಹೊಸಗನ್ನಡ ಕಾವ್ಯದ ದಿಕ್ಕು ಬದಲಾದದ್ದು ಅಲ್ಲಿಂದ. ನಮ್ಮ ತೀರ್ಥಹಳ್ಳಿ ಸೀಮೆಯ ಕುಪ್ಪಳಿಯ ಹುಡುಗ ಪುಟ್ಟಪ್ಪ ಮೊದಲು ಬರೆದದ್ದು ಇಂಗ್ಲಿಷಿನಲ್ಲೇ, 1922ರಲ್ಲಿ ಇಂಗ್ಲಿಷ್ ಪದ್ಯಗಳ ಪುಸ್ತಕವೂ ಬಂತು. ಆಮೇಲೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದದ್ದು, ಪುಟ್ಟಪ್ಪನವರು ಕುವೆಂಪು ಆದದ್ದು ಎಲ್ಲರಿಗೂ ಗೊತ್ತು. ಕೊನಗವಳ್ಳಿಯ ಪಿ. ಲಂಕೇಶರು ಇದೇ ಊರಿನ ಸಹ್ಯಾದ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ಗೋಪಾಲಕೃಷ್ಣ ಅಡಿಗರು ಇಂಗ್ಲಿಷ್ ಮೇಷ್ಟ್ರು, 1960ರ ದಶಕದಲ್ಲಿ ಸಾಗರದ ಲಾಲ್ ಬಹದ್ದೂರ್ ಕಾಲೇಜಿಗೆ ಪ್ರಿನ್ಸಿಪಾಲರಾಗಿದ್ದವರು. ಇವರೆಲ್ಲ ಎರಡೂ ಭಾಷೆಯನ್ನು ಒಂದೇ ತಲೆಯಲ್ಲಿ ಕೂರಿಸಿಕೊಂಡು ಬೆಳೆದವರೇ.

ಒಟ್ಟಿಗೆ ಕೂತು ಓದೋದು ದಡ್ಡರ ಲಕ್ಷಣ ಅನ್ನುವವರಿಗೂ ಒಂದು ಮಾತು. ವರ್ಡ್ಸ್‌ವರ್ತ್ ಬರೆದ ಡ್ಯಾಫೋಡಿಲ್ ಹೂವಿನ ಪದ್ಯ ಒಂಟಿತನವನ್ನು ಹೊಗಳೋದಕ್ಕೆ ಪ್ರಸಿದ್ಧಿ. ಅಸಲು ಸಂಗತಿ ಏನೆಂದರೆ 1802ರ ಏಪ್ರಿಲ್ 15ರಂದು ಆ ಹೂವುಗಳನ್ನು ನೋಡಿದಾಗ ಜೊತೆಗೆ ತಂಗಿ ಡೊರೊತಿ ಇದ್ದಳು. ಕಂಡದ್ದನ್ನು ಡೈರಿಯಲ್ಲಿ ವಿವರವಾಗಿ ಬರೆದಿಟ್ಟವಳೂ ಅವಳೇ. ಪದ್ಯದ ಎರಡು ಸಾಲು ಹೆಂಡತಿ ಮೇರಿ ಕೊಟ್ಟದ್ದು, ಅವೇ ಅದರಲ್ಲಿ ಒಳ್ಳೆಯ ಸಾಲು ಅಂತ ಕವಿಯೇ ಒಪ್ಪಿಕೊಂಡಿದ್ದ. ಒಂಟಿತನದ ಪದ್ಯಕ್ಕೇ ಮೂರು ಜನ ಬೇಕಾದರೆ, ಅದರ ಪರೀಕ್ಷೆಗೆ ನಾಲ್ಕು ಜನ ಕೂತರೆ ಏನು ತಪ್ಪು?

ಗುಂಪು ಕೆಡೋದೆಲ್ಲಿ

ಎಲ್ಲ ಗುಂಪೂ ಉದ್ಧಾರವಾಗುತ್ತೆ ಅಂತಲ್ಲ. ಐದು ಪದ್ಯ, ಐದು ಜನ, ತಲೆಗೊಂದು ಹಂಚಿಕೊಂಡು ಕೊನೆಗೆ ನೋಟ್ಸು ಅದಲುಬದಲು ಮಾಡಿಕೊಳ್ಳುವ ಗುಂಪುಗಳಿವೆ. ಅದು ಗುಂಪಲ್ಲ, ಸಣ್ಣ ಗೈಡು ಕಂಪನಿ. ಒಬ್ಬ ಬುದ್ಧಿವಂತ ಹೇಳೋದು, ಉಳಿದವರು ಗೀಚಿಕೊಳ್ಳೋದು ಇನ್ನೊಂದು ಜಾತಿ. ಟೀ, ಮೊಬೈಲು, ಕ್ರಿಕೆಟ್ಟಿನಲ್ಲೇ ಸಂಜೆ ಕಳೆಯೋದು ಮತ್ತೊಂದು.

ನೆಟ್ಟಗೆ ನಡೆಯುವ ಗುಂಪಿನ ಕ್ರಮ ಸರಳ. ಪದ್ಯವನ್ನು ಪ್ರತಿಯೊಬ್ಬರೂ ಒಂದೊಂದು ಸಲ ಗಟ್ಟಿಯಾಗಿ ಓದಬೇಕು. ಯಾರು, ಯಾರಿಗೆ, ಯಾವಾಗ ಹೇಳ್ತಿದ್ದಾರೆ ಅನ್ನೋದನ್ನು ಕನ್ನಡದಲ್ಲಿ ಹೇಳಿಕೊಳ್ಳಬೇಕು. ಆಮೇಲೆ ಪುಸ್ತಕ ಮುಚ್ಚಿ ಅವರವರೇ ಇಂಗ್ಲಿಷಿನಲ್ಲಿ ಅರ್ಧ ಪುಟ ಬರೀಬೇಕು, ಬರೆದದ್ದನ್ನು ಪಕ್ಕದವರಿಗೆ ಕೊಡಬೇಕು. ಈ ಕೊನೆಯ ಹೆಜ್ಜೆ ತಪ್ಪಿಸಿದರೆ ಮಾತೆಲ್ಲ ಗಾಳಿಗೆ ಹೋಯಿತು. ಪರೀಕ್ಷಾ ಹಾಲಿನಲ್ಲಿ "ಅಲ್ಲ ಕಣೇ" ಅನ್ನೋ ಗೆಳತಿ ಪಕ್ಕದಲ್ಲಿ ಇರಲ್ಲ.

ಬೇಕಾದ್ದು ಒಂದು ಕೋಣೆ

ಕೊನೆಗೆ ಊರಿನ ಮಾತು. ಈ ಮಕ್ಕಳು ಕೂರೋದೆಲ್ಲಿ? ಕ್ಲಾಸು ಮುಗಿದರೆ ಕೋಣೆಗೆ ಬೀಗ ಬೀಳೋದು ಮಾಮೂಲು. ಗ್ರಂಥಾಲಯದಲ್ಲಿ ಪಿಸುಗುಟ್ಟಿದರೂ ಬೋರ್ಡು ತೋರಿಸ್ತಾರೆ, ಕವಿತೆ ಗಟ್ಟಿಯಾಗಿ ಓದೋದು ದೂರದ ಮಾತು. ಹೋಟೆಲಿನಲ್ಲಿ ಒಂದು ಟೀಗೆ ಒಂದು ಗಂಟೆ ಕೂತರೆ ಮಾಲೀಕರ ಕಷ್ಟವೂ ನ್ಯಾಯವೇ. ಹುಡುಗ ಹುಡುಗಿಯರು ಒಟ್ಟಿಗೆ ಮರದ ಕೆಳಗೆ ಕೂತರೆ ಊರಿಗೇ ಕಣ್ಣು. ಮನೆಗೆ ಹೋಗಿ ಓದೋಣ ಅಂದರೆ ಹೆಣ್ಣುಮಕ್ಕಳಿಗೆ ಅಡುಗೆಮನೆ ಕಾಯ್ತಿರುತ್ತೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್ 11ರಿಂದ ಟಿಕೆಟ್ ಇಲ್ಲ, ಅದು ದೊಡ್ಡ ಉಪಕಾರವೇ. ಆದರೆ ಖಾಸಗಿ ಬಸ್ಸುಗಳೇ ಹೆಚ್ಚು ಓಡುವ ಮಲೆನಾಡಿನ ದಾರಿಗಳಲ್ಲಿ ಅದರ ಲಾಭ ಅಷ್ಟಕ್ಕಷ್ಟೇ. ಕೊನೇ ಬಸ್ಸು ತಪ್ಪಿದರೆ ಊರೇ ತಪ್ಪಿದ ಹಾಗೆ.

ಆದ್ದರಿಂದ ಕಾಲೇಜಿನ ಯಜಮಾನರಲ್ಲಿ ಒಂದು ಅರಿಕೆ. ಪರೀಕ್ಷೆಗೆ ಮುಂಚಿನ ಒಂದು ತಿಂಗಳು, ಕ್ಲಾಸು ಮುಗಿದ ಮೇಲೆ ಒಂದೂವರೆ ಗಂಟೆ ಹೊತ್ತು, ಒಂದೇ ಒಂದು ಕೋಣೆ ತೆಗೆದಿಡಿ. ದೀಪ, ಫ್ಯಾನು, ಒಂದು ಕಪ್ಪು ಹಲಗೆ ಸಾಕು. ಸರದಿಯ ಮೇಲೆ ಒಬ್ಬ ಮೇಷ್ಟ್ರು ವಾರಕ್ಕೊಂದು ದಿನ ಇಣುಕಿದರೆ ಪುಣ್ಯ. ಜೆರಾಕ್ಸ್ ಅಂಗಡಿಯ ಮಿತ್ರರಿಗೆ ಮಾತು ಇಷ್ಟೇ. ನೋಟ್ಸು ತಂದವರನ್ನು "ಪದ್ಯದ ಪುಟ ತಂದಿದೀರಾ? ಅದನ್ನೂ ಹಾಕ್ಲಾ?" ಅಂತ ಒಂದು ಸಲ ಕೇಳಿ. ಎಷ್ಟೋ ಜನರ ಹತ್ತಿರ ಉತ್ತರ ಇರುತ್ತೆ, ಪದ್ಯವೇ ಇರಲ್ಲ.

ಬಸ್ಸಿನ ಯಜಮಾನರಿಗೆ ಬೇರೆ ಏನೂ ಕೆಲಸ ಇಲ್ಲ. ಹಿಂದಿನ ಸೀಟಿನಲ್ಲಿ ಷೇಕ್ಸ್‌ಪಿಯರ್ ಜಗಳ ಶುರುವಾದರೆ ಮುಖ ಸಿಂಡರಿಸದೆ, ಕಂಡಕ್ಟರಿಗೆ ಒಳಗಿನ ಲೈಟು ಹಾಕೋಕೆ ಹೇಳಿದರೆ ಸಾಕು.